ಜಾಹಿಲಿಯ್ಯಾ ಎಂದರೆ ಬರಿಯ ಅಜ್ಞಾನವಲ್ಲ

ಮಾನ್ಯ ಸಂಪಾದಕರೇ,

ಒಂಬತ್ತನೆಯ ತರಗತಿಯ ಉತ್ತರ ಪತ್ರಿಕೆಗಳನ್ನು ತಿದ್ದುತ್ತಿದ್ದಾಗ ಒಂದೇ ವಾಕ್ಯ ಹಲವು ಕೈಬರಹಗಳಲ್ಲಿ ಎದುರಾಯಿತು: ‘ಇಸ್ಲಾಂಗೆ ಮೊದಲು ಅರಬರು ಅಜ್ಞಾನಿಗಳೂ ಅನಾಗರಿಕರೂ ಆಗಿದ್ದರು.’ ಮಕ್ಕಳು ಅದನ್ನು ಪೇಟೆಯಲ್ಲಿ ಸಿಗುವ ಗೈಡೊಂದರಿಂದ ಬಾಯಿಪಾಠ ಮಾಡಿದ್ದರು. ಮೊನ್ನೆ ನಿಮ್ಮ ಪುಟಗಳಲ್ಲಿ ಬಂದ ಲೇಖನವೊಂದರಲ್ಲೂ ಹೆಚ್ಚುಕಡಿಮೆ ಇದೇ ಮಾತು ಕಂಡದ್ದರಿಂದ ಬರೆಯುತ್ತಿದ್ದೇನೆ.

ಇಸ್ಲಾಂಗೆ ಮೊದಲಿನ ಕಾಲವನ್ನು ಸೂಚಿಸುವ ಅರಬ್ಬಿಯ ‘ಜಾಹಿಲಿಯ್ಯಾ’ ಪದವನ್ನು ನಾವು ಹಿಂದೆಮುಂದೆ ನೋಡದೆ ‘ಅಜ್ಞಾನದ ಕಾಲ’ ಎಂದು ಕನ್ನಡಿಸುತ್ತಾ ಬಂದಿದ್ದೇವೆ. ಅದರ ಮೂಲದಲ್ಲಿರುವ ‘ಜಹ್ಲ್’ ಎಂದರೆ ಆ ಕಾಲದ ಕವಿತೆಗಳಲ್ಲಿ ಹೆಚ್ಚಾಗಿ ದುಡುಕು, ಮುಂಗೋಪ, ಸೇಡಿನ ಹುಮ್ಮಸ್ಸು. ಅದರ ಎದುರು ನಿಲ್ಲುವುದು ವಿದ್ಯೆಯಲ್ಲ, ‘ಹಿಲ್ಮ್’ ಎಂಬ ತಾಳ್ಮೆ. ‘ನಮ್ಮ ಮೇಲೆ ಯಾರೂ ದುಡುಕದಿರಲಿ, ದುಡುಕಿದರೆ ಅವರನ್ನು ಮೀರಿಸಿ ದುಡುಕುತ್ತೇವೆ’ ಎಂದು ತಗ್ಲಿಬ್ ಕುಲದ ಕವಿ ಅಮ್ರ್ ಇಬ್ನ್ ಕುಲ್ಸೂಮ್ ಎದೆ ತಟ್ಟಿ ಹೇಳುತ್ತಾನೆ. ಓದುಬರಹ ಬಾರದ ಸ್ಥಿತಿಯ ಬಗ್ಗೆ ಯಾರೂ ಹೀಗೆ ಹೆಮ್ಮೆಪಡುವುದಿಲ್ಲ.

ಆ ದುಡುಕನ್ನು ಖಂಡಿಸಿದವರೂ ಅದೇ ಕಾಲದಲ್ಲಿದ್ದರು. ಕುದುರೆ ಪಂದ್ಯವೊಂದರಲ್ಲಿ ಎದ್ದ ಜಗಳ ಅಬ್ಸ್ ಮತ್ತು ಧುಬ್ಯಾನ್ ಕುಲಗಳ ನಡುವೆ ವರ್ಷಗಟ್ಟಲೆಯ ಕಾದಾಟವಾಗಿ ಬೆಳೆದಾಗ, ಇಬ್ಬರು ಮುಖಂಡರು ಸತ್ತವರ ಜೀವಕ್ಕೆ ಪರಿಹಾರವಾಗಿ ಒಂಟೆಗಳನ್ನು ತೆತ್ತು ಸಂಧಿ ಮಾಡಿಸಿದರು. ಅವರನ್ನು ಹಾಡಿ ಹೊಗಳಿದ ಕವಿ ಜುಹೈರ್, ಯುದ್ಧವು ಬೀಸುವ ಕಲ್ಲಿನಂತೆ ನಿಮ್ಮನ್ನು ಅರೆದುಬಿಡುತ್ತದೆ ಎಂದು ಎಚ್ಚರಿಸುತ್ತಾನೆ. ರಾಗಿ ಬೀಸಿದ ನಮ್ಮ ಅಜ್ಜಿಯರಿಗೆ ಈ ಸಾಲಿನ ಅರ್ಥ ಬಿಡಿಸಿ ಹೇಳಬೇಕಾಗಿರಲಿಲ್ಲ. ಇನ್ನೊಬ್ಬ ಕವಿ, ಎಳೆಯ ಪ್ರಾಯದಲ್ಲೇ ಕೊಲೆಯಾದನೆನ್ನುವ ತರಫಾ, ದಾಯಾದಿಗಳು ಮಾಡುವ ಅನ್ಯಾಯ ಹಿಂದೂಸ್ತಾನದ ಕತ್ತಿಯ ಏಟಿಗಿಂತ ಹೆಚ್ಚು ನೋಯಿಸುತ್ತದೆ ಎನ್ನುತ್ತಾನೆ. ನಮ್ಮ ನೆಲದ ಉಕ್ಕಿನ ಹೆಸರು ಅಷ್ಟು ಹಿಂದೆಯೇ ಅವರ ಕಾವ್ಯದೊಳಗೆ ಸೇರಿತ್ತು ಎಂದು ಹೇಳಿದಾಗ ತರಗತಿಯಲ್ಲಿ ಮಕ್ಕಳ ಕಣ್ಣರಳಿದ್ದನ್ನು ನಾನು ನೋಡಿದ್ದೇನೆ.

ಬರಹವೂ ಇತ್ತು. ದಕ್ಷಿಣ ಸಿರಿಯಾ ಮತ್ತು ಜೋರ್ಡಾನಿನ ಕರಿಗಲ್ಲಿನ ಮರುಭೂಮಿಯಲ್ಲಿ ಒಂಟೆ, ಕುರಿ ಮೇಯಿಸುತ್ತಿದ್ದ ಅಲೆಮಾರಿಗಳು ಹತ್ತಾರು ಸಾವಿರ ಬರಹಗಳನ್ನು ಕೆತ್ತಿಟ್ಟು ಹೋಗಿದ್ದಾರೆ. ಇಂಥವನ ಮಗ ಇಂಥವನು, ಸತ್ತ ಗೆಳೆಯನಿಗಾಗಿ ಅತ್ತನು, ಓ ಲಾತ್ ದೇವಿಯೇ ಕಾಪಾಡು, ಈ ಅಕ್ಷರ ಅಳಿಸಿದವನ ಕಣ್ಣು ಹೋಗಲಿ: ಇಂಥ ಸಾಲುಗಳು. ಅರಮನೆಯ ಲಿಪಿಕಾರರಲ್ಲ, ದನಗಾಹಿಗಳು ಬರೆದದ್ದು ಇದು. ಇವರನ್ನು ಅಜ್ಞಾನಿಗಳೆಂದು ಬರೆಯಲು ನನ್ನ ಕೈ ಏಳುವುದಿಲ್ಲ.

ಧರ್ಮದ ಚಿತ್ರವೂ ವಿಗ್ರಹಾರಾಧನೆ ಎಂಬ ಒಂದು ಪದಕ್ಕೆ ದಕ್ಕುವುದಿಲ್ಲ. ತಾಇಫ್‌ನಲ್ಲಿ ಲಾತ್, ನಖ್ಲಾದಲ್ಲಿ ಉಜ್ಜಾ, ಕುದೈದ್‌ನಲ್ಲಿ ಮನಾತ್, ಮಕ್ಕಾದ ಕಾಬಾದಲ್ಲಿ ಹುಬಲ್ ಎಂಬ ದೇವತೆಗಳ ಪೂಜೆ ಇದ್ದದ್ದು ನಿಜ. ಆದರೆ ಯಸ್ರಿಬ್‌ನಲ್ಲಿ, ಅಂದರೆ ಈಗಿನ ಮದೀನಾದಲ್ಲಿ, ಯಹೂದಿ ಕುಲಗಳಿದ್ದವು, ನಜ್ರಾನ್‌ನಲ್ಲಿ ಕ್ರೈಸ್ತರಿದ್ದರು. ಯೆಮೆನ್‌ನ ಹಿಮ್ಯರ್ ರಾಜರ ಶಾಸನಗಳು ಸುಮಾರು ಕ್ರಿ.ಶ. 380ರ ಹೊತ್ತಿಗೇ ಹಳೆಯ ದೇವರುಗಳನ್ನು ಬಿಟ್ಟು ಭೂಮಿ ಆಕಾಶಗಳ ಒಬ್ಬನೇ ಒಡೆಯನನ್ನು ಕರೆಯತೊಡಗುತ್ತವೆ. ಮುಂದೆ ಅವನನ್ನು ‘ರಹ್ಮಾನಾನ್’, ಅಂದರೆ ಕರುಣಾಮಯಿ, ಎನ್ನುತ್ತವೆ. ಏಕದೇವೋಪಾಸನೆ ಶಾಂತಿಯನ್ನೇ ತಂದಿತೆಂದೂ ಹೇಳುವಂತಿಲ್ಲ. ಯಹೂದಿ ಮತದ ಹಿಮ್ಯರ್ ದೊರೆ ಯೂಸುಫ್ 523ರಲ್ಲಿ ನಜ್ರಾನ್‌ನ ಕ್ರೈಸ್ತರನ್ನು ಕೊಲ್ಲಿಸಿದ. ಇಥಿಯೋಪಿಯದ ಸೇನೆ ಕಡಲು ದಾಟಿ ಬಂದು ಅವನ ಆಳ್ವಿಕೆಯನ್ನೇ ಮುಗಿಸಿತು.

ಆ ಸಮಾಜಕ್ಕೆ ಬಣ್ಣ ಬಳಿಯುವುದು ನನ್ನ ಉದ್ದೇಶವಲ್ಲ. ಗುಲಾಮಗಿರಿ ಇತ್ತು, ಕುಲದ ಆಸರೆ ಇಲ್ಲದವನ ಜೀವಕ್ಕೆ ಬೆಲೆ ಇರಲಿಲ್ಲ. ಜೀವಂತ ಹೂತುಹೋದ ಹೆಣ್ಣುಮಗುವನ್ನು ಯಾವ ತಪ್ಪಿಗೆ ಕೊಂದರು ಎಂದು ಕೇಳುವ ದಿನ ಬರುತ್ತದೆ ಎನ್ನುವ ಕುರಾನಿನ ಮಾತು ಓದಿದಾಗಲೆಲ್ಲ ಮೈ ನಡುಗುತ್ತದೆ. ಪ್ರವಾದಿಯವರು ಎದುರಿಸಿದ್ದು ನಿಜವಾದ ಕ್ರೌರ್ಯವನ್ನೇ. ಆದರೆ ಹಳೆಯದೆಲ್ಲವನ್ನೂ ಅವರು ತಳ್ಳಿಹಾಕಲಿಲ್ಲ. ಯೆಮೆನ್‌ನಿಂದ ಬಂದ ವರ್ತಕನೊಬ್ಬನಿಗೆ ಮಕ್ಕಾದಲ್ಲಿ ಮೋಸವಾದಾಗ, ಅನ್ಯಾಯಕ್ಕೊಳಗಾದವರು ಯಾರೇ ಇರಲಿ ಅವರ ಪರ ನಿಲ್ಲುತ್ತೇವೆಂದು ಕೆಲವು ಮನೆತನಗಳು ಆಣೆ ಮಾಡಿದವು. ‘ಹಿಲ್ಫುಲ್ ಫುದೂಲ್’ ಎಂಬ ಈ ಒಪ್ಪಂದಕ್ಕೆ ತಾವು ಯೌವನದಲ್ಲಿ ಸಾಕ್ಷಿಯಾಗಿದ್ದುದನ್ನು, ಈಗ ಕರೆದರೂ ತಾವು ಓಗೊಡುವುದಾಗಿ ಪ್ರವಾದಿಯವರು ಹೇಳಿದ್ದನ್ನು ಮುಸ್ಲಿಂ ಪರಂಪರೆಯೇ ಗೌರವದಿಂದ ಕಾಪಾಡಿಕೊಂಡು ಬಂದಿದೆ.

ನಿಮ್ಮ ಲೇಖಕರಲ್ಲಿ ನನ್ನ ವಿನಂತಿ ಇಷ್ಟೇ: ಹಿಮ್ಯರ್ ಶಾಸನಗಳ ಬಗ್ಗೆ, ಕರಿಗಲ್ಲಿನ ಆ ಬರಹಗಳ ಬಗ್ಗೆ ಇನ್ನೊಂದು ಲೇಖನ ಬರೆಯಲಿ. ಅದು ಅಚ್ಚಾದ ದಿನ ನಮ್ಮ ಶಾಲೆಯ ಸೂಚನಾ ಫಲಕಕ್ಕೆ ನಾನೇ ಅಂಟಿಸುತ್ತೇನೆ.

– ಸಮಾಜ ವಿಜ್ಞಾನ ಶಿಕ್ಷಕಿ, ಶಿವಮೊಗ್ಗ