ಮಗು ಹಾಳೆ ತಂದು ಕೊಟ್ಟರೆ ದಯವಿಟ್ಟು ಸಹಾಯ ಮಾಡಬೇಡಿ

8 ಮತ್ತು 9ನೇ ತರಗತಿ ಮಕ್ಕಳ ಪೋಷಕರಿಗೆ,

ನಮಸ್ಕಾರ.

ಈ ಶನಿವಾರದಿಂದ 8 ವಾರ, ಕೊನೆಯ ಎರಡು ಪೀರಿಯಡ್‌ಗಳಲ್ಲಿ ಮಕ್ಕಳು ವಿನ್ಯಾಸದ ಮೊದಲ ಪಾಠ ಕಲಿಯಲಿದ್ದಾರೆ. ವಿನ್ಯಾಸ ಎಂದ ಕೂಡಲೇ ರಂಗೋಲಿ, ಸೀರೆಯ ಅಂಚು, ಮದುವೆ ಕಾರ್ಡು ಕಣ್ಣ ಮುಂದೆ ಬರುವುದು ಸಹಜ. ನಾವು ಹೇಳಿಕೊಡುವುದು ಬೇರೆ ಮೂರು ಕೆಲಸ: ಬೇಕಾದ ಮಾಹಿತಿ ಥಟ್ಟನೆ ಸಿಗುವಂತೆ ಜೋಡಿಸುವುದು, ಒಂದು ಕೆಲಸವನ್ನು ಹೇಗೆ ಮಾಡಬೇಕೆಂದು ಬರೆದು ತಿಳಿಸುವುದು, ಒತ್ತಿದರೆ ಉತ್ತರ ಕೊಡುವ ಪರದೆಯನ್ನು ರೂಪಿಸುವುದು. ಮೂರಕ್ಕೂ ಪರೀಕ್ಷೆ ಒಂದೇ. ಮಾಡಿದವರು ಪಕ್ಕದಲ್ಲಿ ನಿಂತು ವಿವರಿಸದೆಯೇ ಅದು ಇನ್ನೊಬ್ಬರಿಗೆ ಉಪಯೋಗಕ್ಕೆ ಬರಬೇಕು. ಆ ಇನ್ನೊಬ್ಬರು ನೀವೇ ಆಗಬೇಕೆಂದು ಕೇಳಲು ಈ ಪತ್ರ.

ಮೊದಲ ಎರಡು ವಾರ ಬಸ್ಸಿನ ವೇಳಾಪಟ್ಟಿ. ಡಿಪೋದವರ ಪಟ್ಟಿ ಷೆಡ್ಯೂಲ್ ನಂಬರಿನ ಪ್ರಕಾರ ಇರುತ್ತದೆ, ಅದು ಅವರ ಕೆಲಸಕ್ಕೆ ಸರಿ. ಸ್ಟಾಪಿನಲ್ಲಿ ನಿಂತವರು ಕೇಳುವುದು ‘ನಮ್ಮೂರಿಗೆ ಮುಂದಿನ ಬಸ್ಸು ಯಾವಾಗ’ ಎಂದು. ಹಾಗಾಗಿ ಮಕ್ಕಳು ಅದೇ ಪಟ್ಟಿಯನ್ನು ಗ್ರಾಫ್ ಹಾಳೆಯ ಮೇಲೆ ಮೊದಲು ಊರಿನ ಪ್ರಕಾರ, ಆಮೇಲೆ ಹೊತ್ತಿನ ಪ್ರಕಾರ ಮರುಜೋಡಿಸುತ್ತಾರೆ. ಎಡವುವುದು ಸಣ್ಣ ಸಂಗತಿಗಳಲ್ಲಿ. 12.30 ಎಂದಷ್ಟೇ ಬರೆದರೆ ಮಧ್ಯಾಹ್ನವೋ ಮಧ್ಯರಾತ್ರಿಯೋ ತಿಳಿಯದು. ಎಕ್ಸ್‌ಪ್ರೆಸ್ಸಿಗೆ ಕೆಂಪು, ಷಟಲ್‌ಗೆ ಹಸಿರು ಎಂದು ಬಣ್ಣವೊಂದನ್ನೇ ನಂಬಿದರೆ, ಆ ಎರಡು ಬಣ್ಣ ಬೇರೆಬೇರೆಯಾಗಿ ಕಾಣದವರಿಗೆ ಪಟ್ಟಿ ಕೈಕೊಡುತ್ತದೆ. ಜೆರಾಕ್ಸ್ ಮಾಡಿಸಿದರೂ ಅಷ್ಟೇ. ಗೋಡೆಗೆ ಅಂಟಿಸುವ ಹಾಳೆಯಾದರೆ ಓದುವವರು ನಿಲ್ಲುವ ದೂರದ ಪ್ರತಿ ಮೀಟರಿಗೆ ಅಕ್ಷರ ಸುಮಾರು 8 ಮಿ.ಮೀ. ಎತ್ತರ ಇರಲಿ ಎಂಬುದು ನಮ್ಮ ಲೆಕ್ಕ. ಮೂರು ಮೀಟರಿಗೆ 24 ಮಿ.ಮೀ.

ಏನನ್ನು ಬಿಡಬೇಕು ಎಂಬುದೂ ಇಲ್ಲೇ ಬರುತ್ತದೆ. ಲಂಡನ್ನಿನ ಸುರಂಗ ರೈಲಿನ ನಕ್ಷೆಯನ್ನು 1931ರಲ್ಲಿ ಹೊಸದಾಗಿ ಬರೆದ ಹ್ಯಾರಿ ಬೆಕ್ ನಿಜವಾದ ದೂರಗಳನ್ನೇ ಕೈಬಿಟ್ಟರು. ಹಳಿಗಳನ್ನು ಅಡ್ಡ, ಉದ್ದ ಮತ್ತು 45 ಡಿಗ್ರಿ ಓರೆಗೆರೆಗಳಲ್ಲಿ ಮಾತ್ರ ತೋರಿಸಿದರು. ಸುರಂಗದೊಳಗೆ ಕೂತವರಿಗೆ ಬೇಕಿದ್ದದ್ದು ಎಲ್ಲಿ ಹತ್ತಬೇಕು, ಎಲ್ಲಿ ಬದಲಿಸಬೇಕು, ಎಷ್ಟನೆಯದು ನಮ್ಮ ನಿಲ್ದಾಣ ಎಂಬುದಷ್ಟೆ. 1933ರಲ್ಲಿ ಅಚ್ಚಾಗಿ ಜನರ ಕೈಗೆ ಬಂದ ಆ ಕ್ರಮವೇ ಇಂದು ಊರೂರಿನ ಮೆಟ್ರೋಗಳಲ್ಲಿದೆ. ಮೆಜೆಸ್ಟಿಕ್ಕಿನಲ್ಲಿ ನೇರಳೆ ಮಾರ್ಗದಿಂದ ಹಸಿರು ಮಾರ್ಗಕ್ಕೆ ಬದಲಿಸುವಾಗ ನಾವು ಓದುವುದೂ ಅಂಥದ್ದನ್ನೇ.

ಮೂರರಿಂದ ಐದನೇ ವಾರದ ಕೆಲಸವೇ ಕಷ್ಟದ್ದು: ಸೂಚನೆ ಬರೆಯುವುದು. ವಿಷಯ ಓಆರ್‌ಎಸ್. ಭೇದಿಯಾದಾಗ ಮನೆಯಲ್ಲೇ ಮಾಡಬಹುದಾದ ದ್ರಾವಣಕ್ಕೆ 1 ಲೀಟರ್ ಶುದ್ಧ ನೀರು, ಮಟ್ಟಸವಾದ 6 ಟೀ ಚಮಚ ಸಕ್ಕರೆ, ಮಟ್ಟಸವಾದ ಅರ್ಧ ಟೀ ಚಮಚ ಉಪ್ಪು. ನೋಡಲು ಒಂದು ಸಾಲು. ಆದರೆ ‘ಮಟ್ಟಸ’ ಎಂಬ ಮಾತು ಬಿಟ್ಟುಹೋದರೆ ಕೈ ತಾನಾಗಿ ಚಮಚದ ತುಂಬ ಗೋಪುರ ಮಾಡುತ್ತದೆ. ಉಪ್ಪು ಹೆಚ್ಚಾದರೆ ಮಗುವಿಗೆ ಅಪಾಯ, ಸಕ್ಕರೆ ಹೆಚ್ಚಾದರೆ ಭೇದಿಯೇ ಹೆಚ್ಚಬಹುದು. ಟೀ ಚಮಚ ಎಂದರೆ 5 ಮಿ.ಲೀ. ಅಡುಗೆಮನೆಯ ಚಮಚಗಳು ಒಂದೊಂದು ಒಂದೊಂದು ಅಳತೆ. ಸಿರಪ್ ಬಾಟಲಿಯ ಜೊತೆ ಬರುವ, 5ರ ಗೆರೆಯಿರುವ ಪುಟ್ಟ ಅಳತೆ ಕಪ್ಪೇ ನಂಬಿಕೆಗೆ ಯೋಗ್ಯ. ಪ್ಯಾಕೆಟ್ಟಿನ ಪುಡಿಯಲ್ಲಿ ಇನ್ನೊಂದು ತೊಡಕು. 1 ಲೀಟರಿಗೆ ಕಲಸುವ ಪ್ಯಾಕೆಟ್ಟೂ ಸಿಗುತ್ತದೆ, 200 ಮಿ.ಲೀ.ಗೆ ಕಲಸುವುದೂ ಸಿಗುತ್ತದೆ. ದೊಡ್ಡದನ್ನು 200 ಮಿ.ಲೀ. ಲೋಟಕ್ಕೆ ಸುರಿದರೆ ದ್ರಾವಣ ಐದು ಪಟ್ಟು ಗಟ್ಟಿ. ಆದ್ದರಿಂದ ‘ಪ್ಯಾಕೆಟ್ ಮೇಲೆ ಎಷ್ಟು ನೀರು ಎಂದು ಬರೆದಿದೆ, ನೋಡಿ’ ಎಂಬ ಮಾತು ‘ಪ್ಯಾಕೆಟ್ ಕತ್ತರಿಸಿ’ ಎಂಬುದಕ್ಕಿಂತ ಮುಂಚೆ ಬರಬೇಕು. ಕೊನೆಯಲ್ಲಿ ‘ವಿ.ಸೂ.’ ಎಂದು ಬರೆದ ಎಚ್ಚರಿಕೆಯನ್ನು ಜನ ಓದುವ ಹೊತ್ತಿಗೆ ಪುಡಿ ಲೋಟದಲ್ಲಿರುತ್ತದೆ.

ಕನ್ನಡದಲ್ಲಿ ಸೂಚನೆ ಬರೆಯುವಾಗ ನಮ್ಮ ವ್ಯಾಕರಣವೇ ಒಡ್ಡುವ ಒಂದು ತೊಡಕಿದೆ. ‘ಕುದಿಸಿ’ ಎಂದರೆ ‘ಕುದಿಸಿದ ಮೇಲೆ’ ಎಂದೂ ಆಗುತ್ತದೆ, ‘ನೀವು ಕುದಿಸಿರಿ’ ಎಂದೂ ಆಗುತ್ತದೆ. ‘ನೀರನ್ನು ಕುದಿಸಿ ಆರಿಸಿ ಪುಡಿ ಹಾಕಿ ಕಲಸಿ ಕುಡಿಸಿ’ ಎಂದು ಬರೆದರೆ ತಪ್ಪೇನೂ ಇಲ್ಲ, ಓದಲು ಚೆಂದವೂ ಹೌದು. ಆದರೆ ಎಲ್ಲಿ ಒಂದು ಹೆಜ್ಜೆ ಮುಗಿಯಿತು, ಎಲ್ಲಿ ಕಾಯಬೇಕು ಎಂಬುದು ಅದರಲ್ಲಿ ಕಾಣುವುದಿಲ್ಲ. ಬಿಸಿ ನೀರಿಗೇ ಪುಡಿ ಬೀಳುವುದು ಹೀಗೆ. ಅದಕ್ಕೆ ಮಕ್ಕಳಿಗೆ ಕೊಡುವ ನಿಯಮ: ಒಂದು ಕ್ರಿಯಾಪದ, ಒಂದು ಪೂರ್ಣವಿರಾಮ, ಒಂದು ಸಾಲು. ‘1 ಲೀಟರ್ ನೀರು ಕುದಿಸಿ. ಪಾತ್ರೆ ಮುಟ್ಟಿದರೆ ತಣ್ಣಗೆ ಅನ್ನಿಸುವವರೆಗೂ ಆರಲು ಬಿಡಿ. ಪುಡಿ ಪೂರ್ತಿ ಹಾಕಿ.’ ಪ್ರತಿ ಸಾಲಿಗೂ ನಂಬರು. ಚಿತ್ರ ಹಾಕುವುದಾದರೆ ಸರಿಯಾದದ್ದನ್ನೇ ದೊಡ್ಡದಾಗಿ ಹಾಕಲಿ. ಗೋಪುರದ ಚಮಚ ಬರೆದು ಮೇಲೆ ಕಾಟು ಹೊಡೆದರೆ, ಅವಸರದಲ್ಲಿದ್ದವರ ಕಣ್ಣಿಗೆ ಕಾಣುವುದು ಗೋಪುರವೇ.

ಉಳಿದ ಮೂರು ವಾರ ಒತ್ತುವ ಗುಂಡಿಗಳದ್ದು: ಮಕ್ಕಳು ಪರದೆಯ ಮೇಲಿನ ಒಂದು ರಸಪ್ರಶ್ನೆಯನ್ನು ರೂಪಿಸುತ್ತಾರೆ. ಉದಾಹರಣೆಗೆ ನಿಮಗೆಲ್ಲ ಗೊತ್ತಿರುವ ಮತಯಂತ್ರವನ್ನೇ ತೆಗೆದುಕೊಂಡಿದ್ದೇವೆ. ನೀಲಿ ಗುಂಡಿ ಒತ್ತಿದ ಕೂಡಲೇ ಪಕ್ಕದಲ್ಲಿ ಕೆಂಪು ದೀಪ ಹೊತ್ತುತ್ತದೆ, ವಿವಿಪ್ಯಾಟ್ ಕಿಟಕಿಯಲ್ಲಿ ಚೀಟಿ 7 ಸೆಕೆಂಡು ಕಂಡು ಕೆಳಗೆ ಬೀಳುತ್ತದೆ, ಬೀಪ್ ಎಂದು ಸದ್ದಾಗುತ್ತದೆ. ಎಲ್ಲಿ ಒತ್ತಬೇಕು, ಒತ್ತಿದ್ದು ತಲುಪಿತೇ, ಏನೆಂದು ತಲುಪಿತು ಎಂಬ ಮೂರು ಪ್ರಶ್ನೆಗೂ ಅಕ್ಷರ ಬಾರದವರಿಗೂ ಉತ್ತರ ಸಿಗುತ್ತದೆ. ನಾಲ್ಕನೆಯದು, ತಪ್ಪಿದರೆ ಹಿಂದಕ್ಕೆ ಹೋಗುವ ದಾರಿ. ಮತಯಂತ್ರದಲ್ಲಿ ಅದನ್ನು ಉದ್ದೇಶಪೂರ್ವಕವಾಗಿಯೇ ಇಟ್ಟಿಲ್ಲ. ಮಕ್ಕಳ ರಸಪ್ರಶ್ನೆಯಲ್ಲಿ ಇರಲೇಬೇಕು.

ಕಂಪ್ಯೂಟರ್ ಮುಟ್ಟುವ ಮೊದಲು ಎಲ್ಲವೂ ರಟ್ಟಿನ ಮೇಲೆ. ಪೋಸ್ಟ್‌ಕಾರ್ಡ್ ಅಳತೆಯ 6 ರಟ್ಟು, ಒಂದೊಂದೂ ಒಂದು ಪರದೆ, ಗುಂಡಿ ಒಂದು ಸೆಂ.ಮೀ.ಗಿಂತ ಚಿಕ್ಕದಲ್ಲ. ಒಬ್ಬರು ಬೆರಳಿಟ್ಟಂತೆ ಇನ್ನೊಬ್ಬರು ರಟ್ಟು ಬದಲಿಸುತ್ತಾರೆ. ಯಾವ ಗುಂಡಿ ಎಲ್ಲಿಗೂ ಹೋಗುವುದಿಲ್ಲ ಎಂಬುದು ಐದೇ ನಿಮಿಷದಲ್ಲಿ ಬಯಲಾಗುತ್ತದೆ. ಕಂಪ್ಯೂಟರಿನಲ್ಲಿ ಇದೇ ಪತ್ತೆಯಾಗಲು ಎರಡು ಪೀರಿಯಡ್ ಬೇಕು. ಆಮೇಲೆ ಸ್ಕ್ರ್ಯಾಚ್ ಎಂಬ, ಮಕ್ಕಳಿಗಾಗಿ ಇರುವ ಪ್ರೋಗ್ರಾಮಿಂಗ್ ತಂತ್ರಾಂಶದಲ್ಲಿ ಕಟ್ಟುತ್ತಾರೆ. ‘ತಪ್ಪು!’ ಎಂದು ಗದರಿ ಸುಮ್ಮನಾಗುವ ರಸಪ್ರಶ್ನೆಗೆ ನಾವು ಅಂಕ ಕೊಡುವುದಿಲ್ಲ. ಏಕೆ ತಪ್ಪು ಎಂದು ಒಂದು ಸಾಲು ಹೇಳಿ ಮತ್ತೆ ಅದೇ ಪ್ರಶ್ನೆಗೆ ಕರೆತರಬೇಕು. ಕನ್ನಡ ಟೈಪಿಂಗ್ ಯೂನಿಕೋಡ್‌ನಲ್ಲೇ ಇರಲಿ. ಹಳೆಯ ನುಡಿ ಫಾಂಟಿನಲ್ಲಿ ಹೊಡೆದದ್ದು, ಆ ಫಾಂಟಿಲ್ಲದ ಮೊಬೈಲಿನಲ್ಲಿ ತೆರೆದರೆ ಬರೀ ಚಿತ್ರವಿಚಿತ್ರ ಗುರುತುಗಳಾಗುತ್ತದೆ. ಸಾಲುಗಳ ನಡುವೆ 1.5ರಷ್ಟು ಅಂತರ ಬೇಕು, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ.

ಈಗ ನಿಮ್ಮ ಕೆಲಸ. 2, 5 ಮತ್ತು 7ನೇ ವಾರ ಮಗು ಒಂದು ಹಾಳೆ ಅಥವಾ ರಟ್ಟಿನ ಕಟ್ಟು ತಂದು ಕೊಡುತ್ತದೆ. ಅದು ಹೇಳಿದಷ್ಟನ್ನೇ ಮಾಡಿ. ನಿಮಗೆ ಮೊದಲೇ ಗೊತ್ತಿರುವುದನ್ನು ಸೇರಿಸಬೇಡಿ. ಅರ್ಥವಾಗದಿದ್ದರೆ ಮಗುವನ್ನು ಕೇಳಬೇಡಿ, ನಿಂತ ಜಾಗದಲ್ಲಿ ಪೆನ್ಸಿಲ್ಲಿನಿಂದ ಅಡ್ಡಗೆರೆ ಎಳೆಯಿರಿ. ಮಗು ಬಾಯಿ ಹಾಕಿದರೆ ‘ಸುಮ್ನಿರು ಪುಟ್ಟ’ ಎನ್ನಬಹುದು, ನಾವೂ ಅದನ್ನೇ ಹೇಳಿ ಕಳಿಸಿರುತ್ತೇವೆ. ‘ಚೆನ್ನಾಗಿದೆ’ ಎಂಬ ಮಾತಿನಿಂದ ಮಗುವಿಗೆ ಖುಷಿಯಾದೀತು, ಹಾಳೆಯಲ್ಲಿ ಏನು ತಿದ್ದಬೇಕೆಂದು ಗೊತ್ತಾಗದು. ಮನೆಯಲ್ಲಿ ಅಜ್ಜಿ, ತಾತ, ಪಕ್ಕದ ಮನೆಯವರು ಸೇರಿ ಐದು ಜನ ನೋಡಿದರೆ ಸಾಕು. ಹೆಚ್ಚಿನ ತಪ್ಪುಗಳು ಅಷ್ಟರಲ್ಲಿ ಸಿಕ್ಕಿಬೀಳುತ್ತವೆ. ಹಾಳೆಯನ್ನು ನೀವು ತಿದ್ದಿ ಅಂದಗೊಳಿಸಿ ಕಳಿಸಿದರೆ ಮಾತ್ರ ಪಾಠ ಕೆಟ್ಟಂತೆ. 20 ಅಂಕಗಳಲ್ಲಿ ಅಂದಕ್ಕೆ ಇರುವುದು 3. ಅಡ್ಡಗೆರೆ ಬಿದ್ದಲ್ಲಿ ಮಗು ಏನು ಬದಲಿಸಿತು ಎಂಬುದಕ್ಕೆ 12, ಉಳಿದ 5 ತರಗತಿಯ ಕೆಲಸಕ್ಕೆ.

ಎಸ್ಸೆಸ್ಸೆಲ್ಸಿಗೆ ಇದರಿಂದ ನೇರ ಅಂಕ ಬರುವುದಿಲ್ಲ. ಗ್ರಾಫ್ ಹಾಳೆ, ಪೆನ್ಸಿಲ್, ಕಪ್ಪು ಸ್ಕೆಚ್ ಪೆನ್ನು, ಹಳೆಯ ಮದುವೆ ಕಾರ್ಡಿನ ರಟ್ಟು ಸಾಕು. ಚಾರ್ಟ್ ಪೇಪರ್, ಕಲರ್ ಪ್ರಿಂಟ್, ಹೊಸ ಮೊಬೈಲ್ ಯಾವುದೂ ಬೇಡ, ಮಗು ಎಷ್ಟೇ ಒತ್ತಾಯಿಸಲಿ.

ಮುಂದಿನ ಶುಕ್ರವಾರದೊಳಗೆ ಒಂದು ಚೀಟಿ ಕಳಿಸಿಕೊಡಿ. 1 ಲೀಟರಿನ ನೀರಿನ ಬಾಟಲಿ ತುಂಬಿಸಿ, ನೀವು ದಿನವೂ ನೀರು ಕುಡಿಯುವ ಲೋಟಕ್ಕೆ ಸುರಿಯುತ್ತ ಬಂದರೆ ಎಷ್ಟು ಲೋಟವಾಯಿತು ಎಂಬ ಸಂಖ್ಯೆಯಷ್ಟೇ ಅದರಲ್ಲಿರಲಿ. ಓಆರ್‌ಎಸ್ ಸೂಚನೆಯಲ್ಲಿ 1 ಲೀಟರ್ ಎನ್ನುವ ಬದಲು ‘ಐದು ಲೋಟ ನೀರು’ ಎಂದು ಬರೆಯಬಹುದೇ ಬಾರದೇ ಎಂಬುದನ್ನು ಮಕ್ಕಳು ಆ ಚೀಟಿಗಳನ್ನು ಒಟ್ಟಿಗೆ ಹರಡಿಕೊಂಡು ತೀರ್ಮಾನಿಸುತ್ತಾರೆ.

ಇತಿ,
ಮುಖ್ಯ ಶಿಕ್ಷಕರು