ಮೇ 12ರ ಕಾರ್ಯಕ್ರಮ: ಎಲ್ಲರೂ ಓದಿ

ಎಲ್ಲರಿಗೂ ನಮಸ್ಕಾರ.

ಈ ಸಲದ ದಾದಿಯರ ದಿನ ದೀಪ ಹಚ್ಚಿ, ಕೇಕ್ ಕತ್ತರಿಸುವುದಕ್ಕೇ ಮುಗಿಯಬಾರದು. ನಮ್ಮ ಕೆಲಸವೆಂದರೆ ಇಂಜೆಕ್ಷನ್ ಕೊಡುವುದಷ್ಟೇ ಎಂದುಕೊಂಡ ಜನರ ಎದುರಿಗೇ ಕೆಲಸ ಮಾಡಿ ತೋರಿಸೋಣ. ಬೆಳಿಗ್ಗೆ 10ರಿಂದ 1ರವರೆಗೆ ಬಸ್ ನಿಲ್ದಾಣದಲ್ಲಿ ಬಿ.ಪಿ. ತಪಾಸಣೆ, ಸಿ.ಪಿ.ಆರ್. (ಹೃದಯ ನಿಂತವರಿಗೆ ಎದೆ ಒತ್ತಿ ಮಾಡುವ ತುರ್ತು ಚಿಕಿತ್ಸೆ) ಪ್ರಾತ್ಯಕ್ಷಿಕೆ ಇದೆ. ರಾತ್ರಿ ಪಾಳಿ ಮುಗಿಸಿದವರು ಬರಬೇಡಿ, ದಯವಿಟ್ಟು ನಿದ್ದೆ ಮಾಡಿ.

ಬಿ.ಪಿ. ಮೇಜಿನ ಪಕ್ಕ ಕುರ್ಚಿಗಳು ಸಾಕಷ್ಟಿರಲಿ. ಬಸ್ಸಿಗೆ ಓಡಿ ಬಂದವರನ್ನು 5 ನಿಮಿಷ ಕೂರಿಸದೆ ನೋಡಿದರೆ ಅಂಕಿ ಹೆಚ್ಚು ಬರುತ್ತದೆ, ಸುಮ್ಮನೆ ಗಾಬರಿ. ದಪ್ಪ ತೋಳಿಗೆ ಸಣ್ಣ ಕಫ್ (ಬಿ.ಪಿ. ನೋಡಲು ಸುತ್ತುವ ಪಟ್ಟಿ) ಕಟ್ಟಿದರೂ ಹಾಗೆಯೇ, ಆದ್ದರಿಂದ ದೊಡ್ಡ ಕಫ್ ತನ್ನಿ. ತೋಳು ಎದೆಯ ಮಟ್ಟದಲ್ಲಿರಲಿ. 140/90 ದಾಟಿದರೆ ಮತ್ತೊಮ್ಮೆ ನೋಡಿ, ಚೀಟಿಯಲ್ಲಿ ಬರೆದು ವೈದ್ಯರ ಬಳಿಗೆ ಕಳಿಸಿ. ಮಾತ್ರೆ ಹೆಸರು ಹೇಳಬೇಡಿ.

ಸಿ.ಪಿ.ಆರ್. ಗೊಂಬೆಯ ಮೇಲೆ ಜನರೇ ಒತ್ತಿ ನೋಡಲಿ: ನಿಮಿಷಕ್ಕೆ 100ರಿಂದ 120 ಸಲ, 5ರಿಂದ 6 ಸೆಂ.ಮೀ. ಆಳ. ಬಹಳ ಮಂದಿ ಪೂರ್ತಿ ಕೈ ಸಡಿಲಿಸುವುದಿಲ್ಲ. ಎದೆ ಮೇಲೇಳದಿದ್ದರೆ ಹೃದಯಕ್ಕೆ ರಕ್ತ ತುಂಬದು ಎಂದು ವಿವರಿಸಿ.

ಓದಿನ ಬಗ್ಗೆ ಕೇಳಿದರೆ ಜಿ.ಎನ್.ಎಂ. (ನರ್ಸಿಂಗ್ ಡಿಪ್ಲೊಮಾ) 3 ವರ್ಷ, ಬಿ.ಎಸ್ಸಿ. ನರ್ಸಿಂಗ್ 4 ವರ್ಷ, ಆಮೇಲೆ ನರ್ಸಿಂಗ್ ಕೌನ್ಸಿಲ್ ನೋಂದಣಿ ಎನ್ನಿ. ಗಂಡುಮಕ್ಕಳೂ ಓದಬಹುದೆಂದು ತಿಳಿಸಲು ನಮ್ಮ ಬ್ರದರ್‌ಗಳು (ಪುರುಷ ನರ್ಸ್‌ಗಳು) ಮುಂದಿನ ಮೇಜಿನಲ್ಲೇ ಇರಲಿ.

ಯೂನಿಫಾರ್ಮ್, ಹೆಸರಿನ ಬ್ಯಾಡ್ಜ್ ಕಡ್ಡಾಯ. ತಪಾಸಣೆಗೆ ಬಂದವರ ಮುಖ, ಚೀಟಿ ಫೋಟೊದಲ್ಲಿ ಬರಕೂಡದು. ವಾರ್ಡಿನಲ್ಲಿ ರೀಲ್ಸ್ ಮಾಡುವುದನ್ನೂ ನಿಲ್ಲಿಸಿ, ರೋಗಿಗಳ ನಂಬಿಕೆ ಹೋಗುವುದೇ ಅಲ್ಲಿಂದ.

ಬರುವವರು ಹೆಸರು, ಬೇಕಾದ ಮೇಜು, ತರುವ ಸಾಮಾನು ಬರೆದು ಮೇ 8ರೊಳಗೆ ಇಲ್ಲೇ ಉತ್ತರಿಸಿ.