ಸೋನುವಿನ ಭುಜ ಉಳಿಸಿಕೊಟ್ಟವರಿಗೆ ಶರಣು

ನಮ್ಮ ನಾಯಿಮರಿ ಸೋನು ಈಗ ಕುಂಟದೆ ನಡೆಯುತ್ತಿದ್ದಾನೆ. ವಿಚಾರಿಸಿದವರು ತುಂಬಾ ಜನ, ಅದಕ್ಕೇ ಎಲ್ಲರಿಗೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಶರಣು ಬೀದರ್ ನಂದಿನಗರದ ಪಶುವೈದ್ಯಕೀಯ ಕಾಲೇಜಿನ ಡಾಕ್ಟರಿಗೆ. ಸೋನು ಲ್ಯಾಬ್ರಡಾರ್, ಇನ್ನೂ ವರ್ಷ ತುಂಬದ ಮರಿ. ಮುಂಗಾಲು ಕುಂಟಿದರೆ ನಾವೆಲ್ಲ ಪಾದದಲ್ಲಿ ಮುಳ್ಳು ಹುಡುಕುತ್ತೇವೆ, ಅಲ್ವಾ? ಡಾಕ್ಟ್ರು ಮೊದಲು ಅವನನ್ನು ನಡೆಸಿ ನೋಡಿದರು. ಆಮೇಲೆ ಬೆರಳಿನಿಂದ ಶುರುಮಾಡಿ ಒಂದೊಂದೇ ಕೀಲು ಮಡಚಿ, ಚಾಚಿ ನೋಡಿದರು. ಮೊಣಕೈವರೆಗೂ ಸುಮ್ನಿದ್ದ. ಕಾಲನ್ನು ಮುಂದಕ್ಕೆ ಎಳೆದು ಭುಜ ಚಾಚಿಸಿದ್ದೇ ತಡ, ಕುಂಯ್ ಅಂದ. ನನ್ನ ಕೈಯನ್ನು ಅವನ ಎರಡೂ ಭುಜದ ಮೇಲೆ ಇಡಿಸಿದರು. ನೋವಿದ್ದ ಕಡೆ ಮಾಂಸ ಇಳಿದು ಎಲುಬಿನ ಏಣು ಕೈಗೆ ಹತ್ತುತ್ತಿತ್ತು.

ಎಕ್ಸ್-ರೇ ಎರಡೂ ಕಡೆ ತೆಗೆದರು. ಈ ತೊಂದರೆ ಎಷ್ಟೋ ಮರಿಗಳಿಗೆ ಎರಡೂ ಭುಜದಲ್ಲಿ ಇರುತ್ತದೆ. ಸೋನುಗೆ ಒಂದೇ ಕಡೆ ಇತ್ತು, ದೇವರು ದೊಡ್ಡವನು. ಇದಕ್ಕೆ ಓಸಿಡಿ (ಆಸ್ಟಿಯೋಕಾಂಡ್ರೈಟಿಸ್ ಡಿಸೆಕಾನ್ಸ್) ಅನ್ನುತ್ತಾರೆ, ಕೀಲಿನ ಕಾಯಿಲೆ. ಬೇಗ ಬೆಳೆಯುವ ದೊಡ್ಡ ಜಾತಿಯ ಮರಿಗಳಲ್ಲಿ, ಅದರಲ್ಲೂ ಗಂಡುಮರಿಗಳಲ್ಲಿ ಜಾಸ್ತಿ. ತೋಳೆಲುಬಿನ ತಲೆಯ ಮೇಲಿನ ನುಣುಪು ಪದರು ಸಿಪ್ಪೆಯಂತೆ ಎದ್ದುಬಿಡುತ್ತದೆ. ಆಪರೇಷನ್‌ನಲ್ಲಿ ಆ ಸಿಪ್ಪೆ ತೆಗೆದು, ಕೆಳಗಿನ ಎಲುಬನ್ನು ರಕ್ತ ಜಿನುಗುವ ತನಕ ಕೆರೆದರು. ಅಲ್ಲಿ ಹೊಸ ಪದರು ತುಂಬಿಕೊಳ್ಳಬೇಕು. ಭುಜದಲ್ಲಾದರೆ ಸಾಮಾನ್ಯವಾಗಿ ಚೆನ್ನಾಗಿ ವಾಸಿಯಾಗುತ್ತದೆ, ಮೊಣಕೈಯಲ್ಲಿ ಅಷ್ಟು ಭರವಸೆ ಕೊಡಲಾಗದು ಎಂದೂ ಬಿಡಿಸಿ ಹೇಳಿದರು. ಮರಿ ಸಾಕಿದವರು ಇದೊಂದು ಕೇಳಿ: ಒಳ್ಳೆಯ ಪಪ್ಪಿ ಫುಡ್ ಹಾಕುತ್ತಿದ್ದರೆ ಮೇಲೆ ಕ್ಯಾಲ್ಸಿಯಂ ಬೇಡ. ಜಾಸ್ತಿಯಾದರೆ ಬೆಳೆಯುವ ಎಲುಬಿಗೇ ಕೆಡುಕು.

ಹುಮನಾಬಾದ್ ದಾರಿಯಲ್ಲಿ ಒಂದೂ ಗುಂಡಿಗೆ ಇಳಿಸದೆ ಕಲಬುರಗಿಗೆ ಕರೆತಂದ ಡ್ರೈವರ್ ಅಣ್ಣಾರಿಗೂ ಶರಣು.

ಆಮೇಲಿನ ವಾರಗಳೇ ನಿಜವಾದ ಕಷ್ಟ. ಓಡಬಾರದು, ಜಿಗಿಯಬಾರದು, ಮೆಟ್ಟಿಲು ಹತ್ತಬಾರದು. ಅದನ್ನು ಆ ಮರಿಗೆ ಯಾರು ಹೇಳಬೇಕು? ನಮ್ಮ ಮನೆಯದು ಶಹಾಬಾದ್ ಕಲ್ಲಿನ ನೆಲ, ಕಾಲು ಜಾರುತ್ತದೆ. ಪಕ್ಕದ ಮನೆ ಕಾಕಾ ಕೇಳದೆಯೇ ತಮ್ಮ ಜಮಖಾನೆ ತಂದು ಹಾಸಿಕೊಟ್ಟರು. ಅವ್ವ ಅವನ ಪಕ್ಕದಲ್ಲೇ ಕೌದಿ ಹಾಸಿ ಮಲಗಿದಳು. ಹೊಲಿಗೆ ಹತ್ತಿರ ನೀರು ತುಂಬಿ ಊದಿಕೊಂಡಾಗ ನನ್ನ ಎದೆ ಒಡೆದಿತ್ತು. ಫೋನ್ ಎತ್ತಿದ ಕಿರಿಯ ಡಾಕ್ಟ್ರು ಫೋಟೋ ತರಿಸಿಕೊಂಡು ನೋಡಿ, ಭುಜದ ಆಪರೇಷನ್ ಆದಮೇಲೆ ಹೀಗಾಗುವುದುಂಟು, ಓಡಾಟ ಇನ್ನೂ ಕಡಿಮೆ ಮಾಡಿ ಎಂದರು. ಊತ ತಾನಾಗಿಯೇ ಇಳಿಯಿತು. ಆ ಹೊತ್ತಿನಲ್ಲಿ ಫೋನ್ ಎತ್ತಿದ್ದನ್ನು ನಾನು ಮರೆಯುವುದಿಲ್ಲ.

ಓಣಿಯ ಮಕ್ಕಳೇ, ಚೆಂಡು ಕಂಡರೆ ಸೋನು ಎಗರುತ್ತಾನೆಂದು ಕ್ರಿಕೆಟ್ಟನ್ನೇ ಹಿಂದಿನ ಮೈದಾನಕ್ಕೆ ಒಯ್ದಿರಿ. ನಿಮಗೆ ದೊಡ್ಡ ಶರಣು. ಡಾಕ್ಟ್ರು ಈಗ ಸ್ವಲ್ಪ ಸ್ವಲ್ಪ ಓಡಿಸಲು ಒಪ್ಪಿದ್ದಾರೆ. ಭಾನುವಾರ ಮನೆಗೆ ಬನ್ನಿ.